ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ತಿಳಿದವರನ್ನೇ ತೆಗೆಯಬೇಕಾಗಿ ಬಂದರೆ ಏನು ಮಾಡುವುದು?

ತೋಟದಮನೆ ಕೇಳಿದ್ದು:

ಇದು ಅಡಿಕೆ ಪ್ರಶ್ನೆಯಲ್ಲ. ಆದರೆ ಅಡಿಕೆಯಿಂದಲೇ ಶುರುವಾಗುತ್ತದೆ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಸಾಗರದ ಹತ್ತಿರದ ಹಳ್ಳಿಯವನು. ಹನ್ನೊಂದು ವರ್ಷ ಬೆಂಗಳೂರಿನಲ್ಲಿದ್ದೆ. ಅಪ್ಪನ ಮಂಡಿ ನೋವು ಜಾಸ್ತಿಯಾದ ಮೇಲೆ ಊರಿಗೆ ಬಂದೆ. ಎರಡು ಎಕರೆ ಚಿಲ್ಲರೆ ತೋಟ. ನನಗೆ ಕೆಲಸ ಏನೂ ಗೊತ್ತಿರಲಿಲ್ಲ. ನನ್ನಂಥವರೇ ನಾಲ್ಕು ಜನ ಸೇರಿ ಒಂದು ವಾಟ್ಸಾಪ್ ಗುಂಪು ಮಾಡಿದೆವು. ಸಾಗರ, ಹೊಸನಗರ, ತೀರ್ಥಹಳ್ಳಿ, ಸಿದ್ದಾಪುರ, ಶಿರಸಿ ಕಡೆಯವರೆಲ್ಲ ಸೇರಿ ಈಗ 640 ಜನ ಇದ್ದೇವೆ. ಆಡ್ಮಿನ್‌ಗಳು ಇವತ್ತಿಗೂ ಆ ನಾಲ್ಕೇ ಜನ. ನಾನು, ಒಬ್ಬರು ನರ್ಸರಿಯವರು, ಒಬ್ಬರು ಹೈಸ್ಕೂಲ್ ಮೇಷ್ಟ್ರು, ಇನ್ನೊಬ್ಬರು ಅಡಿಕೆ ಕೊಯ್ಯುವ ಉದ್ದ ಕೋಲು, ಅಂದರೆ ಫೈಬರ್ ದೋಟಿ, ಬಾಡಿಗೆಗೆ ಕೊಡುವವರು.

ಇಲ್ಲಿಯವರೆಗೆ ಹತ್ತಿಪ್ಪತ್ತು ಜನರನ್ನು ತೆಗೆದಿದ್ದೇವೆ. ಅದೇನು ಕಷ್ಟ ಆಗಿರಲಿಲ್ಲ. ಸಾಲದ ಆ್ಯಪ್‌ನ ಲಿಂಕ್ ಹಾಕಿದವನನ್ನು ತೆಗೆದೆವು. ಎಲೆಚುಕ್ಕಿ ರೋಗಕ್ಕೆ ಒಂದೇ ಸಲಕ್ಕೆ ಗುಣ ಅಂತ ಹೇಳಿ 1800 ರೂಪಾಯಿಗೆ ಬಾಟಲಿ ಮಾರುತ್ತಿದ್ದವನನ್ನು ತೆಗೆದೆವು. ಮೂರು ಸಲ ಹೇಳಿದರೂ ಎಲೆಕ್ಷನ್ ವಿಡಿಯೋ ಹಾಕುವುದು ಬಿಡದವನನ್ನೂ ತೆಗೆದೆವು. ಯಾರೂ ಯಾಕೆ ಅಂತ ಕೇಳಲಿಲ್ಲ.

ಈಗ ಬಂದಿರುವುದು ಬೇರೆ ಥರದ ತಲೆನೋವು. ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯುವುದು, ಇಲ್ಲೂ ಹಾಗೇ ಕರೆಯುತ್ತೇನೆ. ಎಪ್ಪತ್ತು ದಾಟಿದೆ. ಸೋಗೆಯ ಫೋಟೋ ನೋಡಿ ಇದು ಎಲೆಚುಕ್ಕಿ, ಇದು ಬರೀ ಬಿಸಿಲಿಗೆ ಸುಟ್ಟಿದ್ದು ಅಂತ ಹೇಳಿಬಿಡುತ್ತಾರೆ. ಹೋದ ವರ್ಷ ನನ್ನ ತೋಟದ ಬಸಿಗಾಲುವೆಯಲ್ಲಿ ಹೂಳು ತುಂಬಿ ನೀರು ನಿಂತಿತ್ತು. ಎಲ್ಲಿ ಬಿಡಿಸಬೇಕು ಅಂತ ಫೋನಿನಲ್ಲೇ ಹೇಳಿ ಸರಿ ಮಾಡಿಸಿದರು. ಬೆಳಗ್ಗೆ ಐದೂವರೆಗೆ ಎದ್ದು ರಾತ್ರಿ ಬಂದ ಪ್ರಶ್ನೆಗೆಲ್ಲ ಉತ್ತರ ಬರೆಯುತ್ತಾರೆ. ಅವರಿಗೆ ಇದರಲ್ಲಿ ಒಂದು ಪೈಸೆ ಲಾಭ ಇಲ್ಲ.

ಬೈಯುವುದೂ ಅವರೇ. ಮೊದಲು ಬೈಗುಳ, ಆಮೇಲೆ ಉತ್ತರ. ನಾವು ಅದನ್ನು ಅವರ ರೀತಿ ಅಂತ ನಗುತ್ತಾ ಬಿಟ್ಟುಬಿಟ್ಟಿದ್ದೆವು. "ದೊಡ್ಡಪ್ಪನ ಪ್ರಸಾದ ಸಿಕ್ತಾ?" ಅಂತ ಒಬ್ಬರಿಗೊಬ್ಬರು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ಮೇ ಕೊನೆಯ ವಾರ ಒಬ್ಬ ಹೊಸ ಹುಡುಗ ಪ್ರಶ್ನೆ ಹಾಕಿದ. ಮಳೆ ಹಿಡಿಯುವ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಹೊಡೆಯಬೇಕಲ್ಲ, ಅದನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಹುದಾ ಅಂತ. ದೊಡ್ಡಪ್ಪ ಬರೆದರು: "ನಿಮ್ಮಪ್ಪ ಬದುಕಿದ್ದಾಗ ಒಂದಿನ ತೋಟಕ್ಕೆ ಕಾಲಿಟ್ಟಿದ್ರೆ ಇದನ್ನ ಕೇಳ್ತಿರ್ಲಿಲ್ಲ. ಅವ ಸತ್ತ ಮೇಲೆ ನಿಂಗೆ ತೋಟ ನೆನಪಾತಾ?"

ಹುಡುಗನ ಅಪ್ಪ ತೀರಿಕೊಂಡು ಆಗ ಮೂರು ತಿಂಗಳೂ ಆಗಿರಲಿಲ್ಲ.

ಎರಡು ನಿಮಿಷ ಬಿಟ್ಟು ದೊಡ್ಡಪ್ಪನದೇ ಇನ್ನೊಂದು ಮೆಸೇಜು. ಕಬ್ಬಿಣ ಬೇಡ, ಪ್ಲಾಸ್ಟಿಕ್ ಡ್ರಮ್ ತಗೋ. ಒಂದು ಕಿಲೋ ಮೈಲುತುತ್ತ 50 ಲೀಟರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಉಲ್ಟಾ ಅಲ್ಲ. ಕತ್ತಿಯ ಅಲಗು ಅದ್ದಿ ನೋಡು, ಕೆಂಪು ಹತ್ತಿದರೆ ಸುಣ್ಣ ಸಾಲದು. ಒಂದಕ್ಷರ ತಪ್ಪಿಲ್ಲ. ಅದಕ್ಕೆ ನಲವತ್ತು ಜನ ಹೆಬ್ಬೆರಳು ಒತ್ತಿದರು. ಮೊದಲನೇ ಮೆಸೇಜನ್ನು ಯಾರೂ ಎತ್ತಲೇ ಇಲ್ಲ. ಹುಡುಗ ರಾತ್ರಿ ಗುಂಪು ಬಿಟ್ಟ.

ಮೇಷ್ಟ್ರು ತೆಗೆಯಲೇಬೇಕು ಅನ್ನುತ್ತಾರೆ. ನರ್ಸರಿಯವರು, ದೊಡ್ಡಪ್ಪ ಹೋದರೆ ಗುಂಪಿನಲ್ಲಿ ಉಳಿಯುವುದು ಗುಡ್ ಮಾರ್ನಿಂಗ್ ಮಾತ್ರ ಅನ್ನುತ್ತಾರೆ. ಅದೂ ಸುಳ್ಳಲ್ಲ. ದೋಟಿಯವರಿಗೆ ಕೇಸಿನ ಹೆದರಿಕೆ. ಯಾರಾದರೂ ಕಂಪ್ಲೇಂಟ್ ಕೊಟ್ಟರೆ ಆಡ್ಮಿನ್‌ಗಳನ್ನೇ ಹಿಡಿಯುತ್ತಾರಂತೆ. ವಾಟ್ಸಾಪಿನಲ್ಲಿ ಒಬ್ಬರನ್ನು ಮಾತ್ರ ಒಂದು ವಾರ ಬಾಯಿ ಮುಚ್ಚಿಸೋಣ ಅಂದರೆ ಅದಕ್ಕೆ ದಾರಿಯಿಲ್ಲ. ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ನಿಮ್ಮಲ್ಲಿ ಇಂಥ ಗುಂಪು ನಡೆಸುವವರು ಹೇಗೆ ತೀರ್ಮಾನ ಮಾಡುತ್ತೀರಿ? ಯಾವಾಗ ಸಾಕು ಅನ್ನಿಸುತ್ತದೆ?

ಜಯನಗರ_4ನೇ_ಬ್ಲಾಕ್

ಗುರೂ, ಇಷ್ಟು ಯೋಚನೆ ಯಾಕೆ? ಸತ್ತ ಅಪ್ಪನ ಹೆಸರು ಎತ್ತಿದ ಮೇಲೆ ಇನ್ನೇನಿದೆ. ರಿಮೂವ್ ಒತ್ತಿ, ಕಾಫಿ ಕುಡೀರಿ. ಬೋರ್ಡೋ ಅಳತೆ ಯೂಟ್ಯೂಬಲ್ಲಿ ಸಿಗುತ್ತೆ.

ತೋಟದಮನೆ

ಅಳತೆ ಸಿಗುತ್ತದೆ ಸಾರ್. ಮೋಡ ನೋಡಿ "ಇವತ್ತು ಹೊಡೀಬೇಡ, ಮಧ್ಯಾಹ್ನ ಮೂರಕ್ಕೆ ಬರ್ತದೆ" ಅನ್ನುವುದು ಯೂಟ್ಯೂಬಲ್ಲಿ ಸಿಗುವುದಿಲ್ಲ. ಮತ್ತೆ ನಮ್ಮದು ಸಣ್ಣ ಊರು. ಬಟನ್ ಒತ್ತಿದ ಮರುದಿನ ಸೊಸೈಟಿಯಲ್ಲಿ ಎದುರಿಗೇ ಸಿಗುತ್ತಾರೆ.

ಹಳೇ_ನಿರ್ವಾಹಕ

ನಾನು ಮೈಸೂರಿನವನು. ಸುಮಾರು ವರ್ಷ ವಿಕಿಪೀಡಿಯದಲ್ಲಿ ಬರೆದಿದ್ದೇನೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಕನ್ನಡ ವಿಕಿಯಲ್ಲಿ ಆಡ್ಮಿನ್‌ಗೆ ನಿರ್ವಾಹಕ ಅನ್ನುತ್ತಾರೆ. ನಮ್ಮ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಿಗೂ ಅದೇ ಹೆಸರು. ಕೆಲಸವೂ ಸುಮಾರು ಅದೇ. ಕುಡಿದು ಗಲಾಟೆ ಮಾಡುವವನನ್ನು ಇಳಿಸಬೇಕು. ಎಲ್ಲಿ ಇಳಿಸಬೇಕು, ಟಿಕೆಟ್ ತಗೊಂಡವನನ್ನು ಇಳಿಸಬಹುದಾ, ಉಳಿದವರು ಏನಂತಾರೆ, ಎಲ್ಲ ಬಸ್ಸು ಓಡುತ್ತಿರುವಾಗಲೇ ಯೋಚಿಸಬೇಕು.

ವಿಕಿಯಲ್ಲಿ ತಡೆ ಹಾಕುವುದಕ್ಕೆ, ಅಂದರೆ ಒಬ್ಬರು ಬರೆಯದ ಹಾಗೆ ಮಾಡುವುದಕ್ಕೆ, ಒಂದು ಮೂಲ ಸೂತ್ರ ಇದೆ. ತಡೆ ಅನ್ನುವುದು ಶಿಕ್ಷೆಯಲ್ಲ, ಮುಂದೆ ಆಗಬಹುದಾದ ಹಾನಿ ತಪ್ಪಿಸುವುದಕ್ಕೆ. ಕೇಳಲು ಸುಲಭ, ಮಾಡುವಾಗ ಕಷ್ಟ. ನಿಮ್ಮ ಮೇಷ್ಟ್ರು ಹೇಳುತ್ತಿರುವುದು ಶಿಕ್ಷೆ ಅನ್ನಿಸುತ್ತದೆ. "ಅವರು ಹಾಗೆ ಬರೆದರು, ಅದಕ್ಕೆ ತೆಗೆಯಬೇಕು." ವಿಕಿಯ ರೀತಿ ನೋಡಿದರೆ ಪ್ರಶ್ನೆಯೇ ಬೇರೆ: ನಾಳೆ ಇನ್ನೊಬ್ಬ ಹುಡುಗ ಪ್ರಶ್ನೆ ಕೇಳಿದರೆ ದೊಡ್ಡಪ್ಪ ಮತ್ತೆ ಹೀಗೇ ಬರೆಯುತ್ತಾರಾ? ಬರೆಯುತ್ತಾರೆ ಅಂತ ನಿಮಗೇ ಗೊತ್ತಿದ್ದರೆ ಸುಮ್ಮನೆ ಕೂರುವ ಹಾಗಿಲ್ಲ. ನಿನ್ನೆಯದು ಮುಗಿದಿದೆ, ಅವರಿಗೂ ಪಶ್ಚಾತ್ತಾಪ ಇದೆ ಅಂದರೆ ತಡೆಯಿಂದ ಏನೂ ಪ್ರಯೋಜನ ಇಲ್ಲ.

ಇನ್ನೊಂದು ನಿಯಮ ನಿಮಗೆ ಬೇಕಾಗಬಹುದು. ಮೂರು ಸಲದ ನಿಯಮ ಅಂತ. ಒಂದೇ ಪುಟದಲ್ಲಿ 24 ಗಂಟೆಯೊಳಗೆ ಬೇರೆಯವರು ಬರೆದದ್ದನ್ನು ಮೂರಕ್ಕಿಂತ ಜಾಸ್ತಿ ಸಲ ಅಳಿಸಿ ಹಿಂದಕ್ಕೆ ತಂದರೆ ತಡೆ ಬೀಳುತ್ತದೆ. ಮೊದಲ ಸಲ ಸಾಮಾನ್ಯವಾಗಿ ಒಂದು ದಿನ. "ಆದರೆ ನಾನು ಬರೆದದ್ದೇ ಸರಿ!" ಅಂದರೆ ನಡೆಯುವುದಿಲ್ಲ. ಹಾಗೆ ಕೂಗಾಡಿದ ಮೇಷ್ಟ್ರುಗಳು, ಡಾಕ್ಟರುಗಳು ನನಗೆ ಬಹಳ ಜನ ಸಿಕ್ಕಿದ್ದಾರೆ. ಅವರು ಹೇಳುತ್ತಿದ್ದ ವಿಷಯ ಎಷ್ಟೋ ಸಲ ಸರಿಯೇ ಇರುತ್ತಿತ್ತು. ತಡೆ ಬಿದ್ದದ್ದು ವಿಷಯಕ್ಕಲ್ಲ. ನಿಮ್ಮ ದೊಡ್ಡಪ್ಪನ ಎರಡನೇ ಮೆಸೇಜು ಸರಿ ಇದೆ ಅಂತ ಮೊದಲನೆಯದು ಮಾಫಿ ಆಗುವುದಿಲ್ಲ.

ಮೂರನೆಯದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಜಗಳದಲ್ಲಿ ತಾನೇ ಇದ್ದ ನಿರ್ವಾಹಕ ತಡೆ ಹಾಕುವ ಹಾಗಿಲ್ಲ. ಬೇರೆಯವರನ್ನು ಕರೆಯಬೇಕು. ನಾನೊಮ್ಮೆ ಇದನ್ನು ಮುರಿಯುವ ಹಂತಕ್ಕೆ ಹೋಗಿದ್ದೆ. ಒಂದು ಊರಿನ ಹೆಸರಿನ ಮೂಲದ ಬಗ್ಗೆ ಒಬ್ಬರ ಜೊತೆ ಮೂರು ದಿನ ವಾದ. ಕೊನೆಗೆ ರಾತ್ರಿ ಹನ್ನೊಂದಕ್ಕೆ ತಡೆಯ ಪುಟ ತೆರೆದು ಕೂತಿದ್ದೆ. ಕಾರಣ ಬರೆಯುವ ಜಾಗದಲ್ಲಿ ಏನು ಬರೆಯಬೇಕು ಅಂತ ಹೊಳೆಯಲಿಲ್ಲ. "ನನಗೆ ಸಿಟ್ಟು ಬಂದಿದೆ" ಅಂತ ಬರೆಯಲಾಗುತ್ತದಾ? ಆ ಕಾರಣ ಎಲ್ಲರಿಗೂ ಕಾಣುವ ದಾಖಲೆಯಲ್ಲಿ ಹಾಗೇ ಉಳಿಯುತ್ತದೆ. ಮುಚ್ಚಿ ಮಲಗಿದೆ. ನೀವು ನಾಲ್ಕು ಜನ ಒಂದು ಕೆಲಸ ಮಾಡಿ. ಕಾರಣವನ್ನು ಎರಡೇ ಸಾಲಿನಲ್ಲಿ, 640 ಜನ ಓದುವ ಹಾಗೆ ಬರೆಯಿರಿ. ಬರೆಯಲು ಆಗದಿದ್ದರೆ ತೆಗೆಯಬೇಡಿ.

ಕಾರಣ ಹೇಳದೆ ತೆಗೆದರೆ ಏನಾಗುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. 2019ರ ಜೂನಿನಲ್ಲಿ ಇಂಗ್ಲಿಷ್ ವಿಕಿಪೀಡಿಯದ ಒಬ್ಬ ಹಳೆಯ ಆಡ್ಮಿನ್‌ರನ್ನು ಸೈಟು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ ಒಂದು ವರ್ಷ ಹೊರಗಿಟ್ಟಿತು. ಸಾಮಾನ್ಯವಾಗಿ ಇಂಥದ್ದನ್ನು ಅಲ್ಲಿನ ಬರಹಗಾರರೇ ತೀರ್ಮಾನಿಸುವುದು. ಈ ಸಲ ಮೇಲಿನಿಂದ ಬಂತು. ಸಾಕ್ಷಿ ಏನು ಅಂತ ತೋರಿಸಲಿಲ್ಲ, ಮೇಲ್ಮನವಿಗೂ ಅವಕಾಶ ಇರಲಿಲ್ಲ. ಆ ಮನುಷ್ಯ ಒರಟ ಅಂತ ಒಪ್ಪುತ್ತಿದ್ದವರೂ ಸಿಟ್ಟಿಗೆದ್ದರು. ಹಲವು ಆಡ್ಮಿನ್‌ಗಳು ಅಧಿಕಾರ ಬಿಟ್ಟು ಹೋದರು. ಕೊನೆಗೆ ವಿಷಯ ಸೈಟಿನದೇ ಪಂಚಾಯ್ತಿ ಸಮಿತಿಗೆ ಬಂತು. ಸೆಪ್ಟೆಂಬರಿನಲ್ಲಿ ಅವರು ಬ್ಯಾನ್ ರದ್ದು ಮಾಡಿದರು. ಆದರೆ ಆಡ್ಮಿನ್ ಪಟ್ಟ ಸುಮ್ನೆ ವಾಪಸ್ ಕೊಡಲಿಲ್ಲ, ಬೇಕಿದ್ದರೆ ಮತ್ತೆ ಎಲ್ಲರ ಒಪ್ಪಿಗೆ ಕೇಳು ಅಂದರು. ನನಗೆ ಅದು ಸರಿಯಾದ ಅಳತೆ ಅನ್ನಿಸಿತು. ಮನುಷ್ಯನನ್ನು ಇಟ್ಟುಕೊಂಡು ಕೋಲನ್ನು ಕಿತ್ತುಕೊಂಡರು.

ಅವಧಿ ಹೇಳದ ತಡೆ ಅಂದರೆ ಶಾಶ್ವತ ಅಂತಲೂ ಅಲ್ಲ. ವಿಕಿಯಲ್ಲಿ ಅಂಥವರೂ ತಮ್ಮ ಚರ್ಚಾ ಪುಟದಲ್ಲಿ ಮನವಿ ಬರೆಯಬಹುದು, ಬೇರೆ ನಿರ್ವಾಹಕ ಓದಿ ತೀರ್ಮಾನಿಸುತ್ತಾನೆ. ವಾಪಸ್ ಬರುವ ಬಾಗಿಲು ಎಲ್ಲಿದೆ ಅಂತ ದೊಡ್ಡಪ್ಪನಿಗೆ ಮೊದಲೇ ಹೇಳಿ.

ಮೂರನೇ_ಮಹಡಿ

ಇಲ್ಲಿಯವರೆಗೆ ಎಲ್ಲರೂ ದೊಡ್ಡಪ್ಪನ ಬಗ್ಗೆಯೇ ಮಾತಾಡುತ್ತಿದ್ದೀರಿ. ಹುಡುಗನ ಬಗ್ಗೆ ಯಾರೂ ಕೇಳಲಿಲ್ಲ. ನಾನು ಆ ಹುಡುಗನ ಜಾಗದಲ್ಲಿದ್ದವಳು.

ನಮ್ಮದು ಬೆಂಗಳೂರಿನಲ್ಲಿ 96 ಫ್ಲ್ಯಾಟಿನ ಅಪಾರ್ಟ್‌ಮೆಂಟು. ಅದರ ಗುಂಪಿನಲ್ಲಿ ಒಬ್ಬ ನಿವೃತ್ತ ಎಂಜಿನಿಯರ್ ಇದ್ದರು. ಸಂಪ್, ಮೋಟಾರು, ಬೋರ್‌ವೆಲ್ಲು, ಲಿಫ್ಟಿನ ವರ್ಷದ ನಿರ್ವಹಣೆ ಗುತ್ತಿಗೆ, ಎಲ್ಲ ಅವರಿಗೇ ಗೊತ್ತು. ನಾನೊಮ್ಮೆ ಟ್ಯಾಂಕರ್ ನೀರಿನ ಬಿಲ್ ಯಾಕೆ ಇಷ್ಟು ಬಂತು ಅಂತ ಕೇಳಿದೆ. "ಬಾಡಿಗೆಯವರು ಬಕೆಟ್ ಎಣಿಸಿಕೊಂಡು ಸ್ನಾನ ಮಾಡಿದರೆ ಕಮ್ಮಿ ಬರುತ್ತದೆ" ಅಂದರು. ಐದಾರು ಜನ ನಗುವ ಮುಖ ಹಾಕಿದರು. ನಾನು ಏನೂ ಹೇಳದೆ ಗುಂಪು ಬಿಟ್ಟೆ. ಆಡ್ಮಿನ್ ಒಬ್ಬರೂ ಫೋನ್ ಮಾಡಲಿಲ್ಲ. ಆಮೇಲೆ ಇವತ್ತು ನೀರು ಬರುವುದಿಲ್ಲ ಅಂತ ನನಗೆ ಗೊತ್ತಾಗುತ್ತಿದ್ದದ್ದು ನಲ್ಲಿ ತಿರುಗಿಸಿ ಬಕೆಟ್ ತುಂಬದೇ ಇದ್ದಾಗಲೇ!

ನಿಮಗೊಂದು ಕೆಲಸ ಹೇಳುತ್ತೇನೆ, ಐದು ನಿಮಿಷ ಸಾಕು. 2022ರಿಂದ ವಾಟ್ಸಾಪಿನಲ್ಲಿ ಗುಂಪು ಬಿಟ್ಟರೆ ಎಲ್ಲರಿಗೂ ಗೊತ್ತಾಗುವುದಿಲ್ಲ, ಆಡ್ಮಿನ್‌ಗೆ ಮಾತ್ರ. ನೀವು ನೋಡಿರುತ್ತೀರಿ, ಲೆಕ್ಕ ಇಟ್ಟಿರುವುದಿಲ್ಲ. ಗುಂಪಿನ ಮಾಹಿತಿ ತೆರೆದು ಸದಸ್ಯರ ಪಟ್ಟಿಯ ತೀರಾ ಕೆಳಗೆ ಹೋಗಿ. ಹಿಂದೆ ಇದ್ದವರ ಪಟ್ಟಿ ಸಿಗುತ್ತದೆ. ಕಳೆದ 60 ದಿನದಲ್ಲಿ ಹೋದವರೆಲ್ಲ ಅಲ್ಲಿರುತ್ತಾರೆ. ಯಾರು ಯಾವತ್ತು ಹೋದರು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಪಕ್ಕದಲ್ಲಿ ದೊಡ್ಡಪ್ಪ ಬೈದ ದಿನಗಳನ್ನು ಬರೆಯಿರಿ. ಆಮೇಲೆ ನಾಲ್ಕೂ ಜನ ಕೂತು ಮಾತಾಡಿ.

ದೊಡ್ಡಪ್ಪ ಹೋದರೆ ಜ್ಞಾನ ಹೋಗುತ್ತದೆ ಅನ್ನುತ್ತೀರಲ್ಲ. ಬೈಸಿಕೊಂಡು ಹೋದವರಲ್ಲಿ ಯಾರಿಗೆ ಏನು ಗೊತ್ತಿತ್ತು ಅಂತ ಯಾರಿಗೆ ಗೊತ್ತು?

ಕೋರ್ಟ್_ರೋಡ್

ನಾನು ವಕೀಲ. ದೋಟಿಯವರ ಹೆದರಿಕೆಗೆ ಮಾತ್ರ ಉತ್ತರ ಹೇಳುತ್ತೇನೆ.

ಸದಸ್ಯ ಹಾಕಿದ ಮೆಸೇಜಿಗೆ ಆಡ್ಮಿನ್ ತಾನಾಗಿಯೇ ಹೊಣೆಯಾಗುವುದಿಲ್ಲ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರ ಮಾರ್ಚಿನಲ್ಲಿ ಹೀಗೆ ಹೇಳಿತು. ಇಬ್ಬರೂ ಮೊದಲೇ ಮಾತಾಡಿಕೊಂಡು ಮಾಡಿದ್ದರೆ ಮಾತ್ರ ಬೇರೆ ಮಾತು. ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಅದೇ ದಾರಿ ಹಿಡಿಯಿತು. ಉಳಿದ ಸದಸ್ಯರಿಗಿಂತ ಆಡ್ಮಿನ್‌ಗೆ ಇರುವ ಹೆಚ್ಚಿನ ಅಧಿಕಾರ ಅಂದರೆ ಜನರನ್ನು ಸೇರಿಸುವುದು, ತೆಗೆಯುವುದು ಅಷ್ಟೇ, ಅವರು ಏನು ಬರೆಯುತ್ತಾರೆ ಅನ್ನುವುದು ಅವನ ಹಿಡಿತದಲ್ಲಿಲ್ಲ ಅಂತ. ಇವು ಬೇರೆ ರಾಜ್ಯದ ಹೈಕೋರ್ಟಿನ ತೀರ್ಪುಗಳು. ನಮ್ಮಲ್ಲಿ ಕಟ್ಟಿಹಾಕುವುದಿಲ್ಲ, ಆದರೆ ತೂಕ ಇದೆ.

ಒಂದು ಮಾತು ಗಮನಿಸಿ. ಈ ತೀರ್ಪುಗಳು ಬಂದ ಮೇಲೆ ವಾಟ್ಸಾಪು ಬೇರೆಯವರ ಮೆಸೇಜನ್ನು ಎಲ್ಲರಿಗೂ ಅಳಿಸುವ ಅಧಿಕಾರವನ್ನು ಆಡ್ಮಿನ್‌ಗೆ ಕೊಟ್ಟಿತು. ಹಾಗಾಗಿ ಕೆಟ್ಟದ್ದನ್ನು ಕಂಡ ತಕ್ಷಣ ಅಳಿಸುವ ಅಭ್ಯಾಸ ಇಟ್ಟುಕೊಳ್ಳಿ ಅಂತ ನಾನು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಅಳಿಸುವ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ.

ಎಲ್ಲದಕ್ಕೂ ಎಚ್ಚರಿಕೆ, ವಾರದ ಗಡುವು ಅಂತ ಕೂರಬೇಡಿ. ಜಾತಿ ಹಿಡಿದು ಬೈದರೆ, ಹೆಣ್ಣುಮಕ್ಕಳ ಬಗ್ಗೆ ಅಸಹ್ಯ ಬರೆದರೆ, ಕೊಲ್ಲುತ್ತೇನೆ ಅಂದರೆ, ಮೊದಲ ಸಲವೇ ಹೊರಗೆ. ಅಲ್ಲಿ ದೊಡ್ಡಪ್ಪನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ನೀವು ಹೇಳಿದ ಮೆಸೇಜು ಆ ಸಾಲಿಗೆ ಬರುವುದಿಲ್ಲ. ಅದು ಕ್ರೂರ, ಅಪರಾಧ ಅಲ್ಲ. ಅದಕ್ಕೇ ತೀರ್ಮಾನ ನಿಮ್ಮ ತಲೆ ಮೇಲೆ ಬಂದಿದೆ.

ತೆಗೆಸಿಕೊಂಡವನು

ಹೆಸರು ನೋಡಿದರೇ ಗೊತ್ತಾಗುತ್ತದೆ. ನಾನು ಇನ್ನೊಂದು ಕಡೆಯವನು.

ಹಕ್ಕಿ ನೋಡುವವರ ಒಂದು ಫೇಸ್‌ಬುಕ್ ಗುಂಪಿನಿಂದ ನನ್ನನ್ನು ತೆಗೆದರು. ಗೂಡಿನ ಫೋಟೋ ಹಾಕಬೇಡಿ ಅಂತ ನಾನು ಎಲ್ಲರ ಮೇಲೂ ಹಾರಾಡುತ್ತಿದ್ದೆ. ಗೂಡಿನ ಹತ್ತಿರ ಕ್ಯಾಮೆರಾ ಹಿಡಿದರೆ ತಾಯಿ ಹಕ್ಕಿ ಮೊಟ್ಟೆ ಬಿಟ್ಟು ಹೋಗಬಹುದು. ವಿಷಯ ಸರಿಯಾಗಿಯೇ ಇತ್ತು. ಆದರೆ ಹತ್ತನೇ ಕ್ಲಾಸಿನ ಹುಡುಗಿ ಒಬ್ಬಳಿಗೆ ನಾನು ಬರೆದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ.

ಒಂದು ಬೆಳಗ್ಗೆ ಗುಂಪೇ ಕಾಣಲಿಲ್ಲ. ಹುಡುಕಿದರೂ ಇಲ್ಲ. ಮುಚ್ಚಿಬಿಟ್ಟರೇನೋ ಅಂದುಕೊಂಡೆ. ಸ್ನೇಹಿತನ ಫೋನಿನಲ್ಲಿ ನೋಡಿದರೆ ಗುಂಪು ಇದೆ, ನಾನೇ ಇಲ್ಲ. ಆರು ವರ್ಷ ಇದ್ದವನಿಗೆ ಒಂದು ಸಾಲು ಇಲ್ಲ. ನನ್ನ ತಪ್ಪಿನ ಬಗ್ಗೆ ಯೋಚಿಸಲೇ ಇಲ್ಲ ನಾನು. ಪೂರ್ತಿ ಮೂರು ತಿಂಗಳು ಅವರ ತಪ್ಪಿನ ಬಗ್ಗೆ ಯೋಚಿಸಿದೆ. ಹೆಂಡತಿಯ ಅಕೌಂಟಿನಿಂದ ಒಳಗೆ ಹೋದೆ. ಅವಳಿಗೆ ಕಾಗೆ, ಪಾರಿವಾಳ ಬಿಟ್ಟರೆ ಹಕ್ಕಿಗಳ ಹೆಸರು ಗೊತ್ತಿಲ್ಲ. ಅವಳ ಹೆಸರಿನಲ್ಲಿ ಮಂಗಟ್ಟೆಯ ಗೂಡಿನ ಬಗ್ಗೆ ಭಾಷಣ ಬರೆದರೆ ಎರಡೇ ದಿನಕ್ಕೆ ಸಿಕ್ಕಿಬಿದ್ದೆ. ಅವಳನ್ನೂ ತೆಗೆದರು.

ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ಸೈಟು ಸ್ಟ್ಯಾಕ್ ಓವರ್‌ಫ್ಲೋನಲ್ಲಿ ಇದನ್ನು ಚೆನ್ನಾಗಿ ಮಾಡುತ್ತಾರೆ ಅನ್ನಿಸುತ್ತದೆ. ಮೊದಲು ಖಾಸಗಿಯಾಗಿ ಪತ್ರ ಬರುತ್ತದೆ, ಯಾವ ಮಾತು, ಎಲ್ಲಿ ಬರೆದದ್ದು ಅಂತ. ಆಮೇಲೂ ಸರಿಹೋಗದಿದ್ದರೆ ಸಾಮಾನ್ಯವಾಗಿ 7 ದಿನ ಅಮಾನತು, ಮತ್ತೆ ಮಾಡಿದರೆ 30, ಮತ್ತೂ ಮಾಡಿದರೆ 365. ಆ ಅವಧಿಯಲ್ಲಿ ಒಳ್ಳೆಯ ಉತ್ತರಗಳಿಗೆ ನಿಮಗೆ ಸಿಕ್ಕ ಪಾಯಿಂಟು ಎಷ್ಟು ಸಾವಿರ ಇದ್ದರೂ 1 ಅಂತ ಕಾಣಿಸುತ್ತದೆ. ಅವಧಿ ಮುಗಿದರೆ ಪೂರ್ತಿ ವಾಪಸ್. ಹಳಬ, ಪಂಡಿತ ಅಂತ ವಿನಾಯಿತಿ ಇಲ್ಲ.

ನಿಮ್ಮ ದೊಡ್ಡಪ್ಪನಿಗೆ ಮೆಸೇಜು ಮಾಡಬೇಡಿ. ಮನೆಗೆ ಹೋಗಿ. ನನ್ನ ಮನೆಗೆ ಯಾರಾದರೂ ಬಂದಿದ್ದರೆ ಒಂದು ಲೋಟ ಕಾಫಿಯಲ್ಲಿ ಮುಗಿಯುತ್ತಿತ್ತು.

ಜಯನಗರ_4ನೇ_ಬ್ಲಾಕ್

ಹೆಂಡತಿಯನ್ನೂ ತೆಗೆದದ್ದು ಓದಿ ನಕ್ಕೂ ನಕ್ಕೂ ಸಾಕಾಯ್ತು. ನನ್ನ ಮೊದಲ ಉತ್ತರ ವಾಪಸ್. ಟೆಲಿಗ್ರಾಮ್‌ಗೆ ಹೋಗಬಹುದಲ್ಲ? ಅಲ್ಲಿ ಒಬ್ಬರನ್ನೇ ಇಷ್ಟು ದಿನ ಬರೆಯದ ಹಾಗೆ ಮಾಡಬಹುದು, ಓದುವುದಕ್ಕೆ ಅಡ್ಡಿಯಿಲ್ಲ.

ತೋಟದಮನೆ

ಎರಡು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ. ಟೆಲಿಗ್ರಾಮ್ ನೋಡಿದೆವು. 640ರಲ್ಲಿ ಎಷ್ಟು ಜನ ಬರುತ್ತಾರೆ? ನಮ್ಮಪ್ಪನೇ ಬರುವುದಿಲ್ಲ. ಬಿಟ್ಟೆವು.

ಮೂರನೇ ಮಹಡಿಯ ಅಕ್ಕ ಹೇಳಿದ ಪಟ್ಟಿ ಮಾಡಿದೆ. ಮೇಷ್ಟ್ರ ಮನೆಯ ಜಗಲಿಯಲ್ಲಿ ನಾಲ್ಕೂ ಜನ ಕೂತೆವು. 60 ದಿನದಲ್ಲಿ ಹೋದವರು 23 ಜನ. ಮೂರು ನಾಲ್ಕು ಜನ ನಂಬರ್ ಬದಲಾಯಿಸಿದವರು. ಉಳಿದವರಲ್ಲಿ 14 ಜನ ಹೋದದ್ದು ದೊಡ್ಡಪ್ಪ ಯಾರಿಗಾದರೂ ಬೈದ ದಿನ, ಇಲ್ಲವೇ ಮರುದಿನ. ಅದರಲ್ಲಿ ಬೈಸಿಕೊಂಡವರು ಐದೇ ಜನ. ಮಿಕ್ಕ ಒಂಬತ್ತು ಜನ ಬರೀ ಓದಿದವರು. ಇದನ್ನು ನಾನು ಅಂದುಕೊಂಡೇ ಇರಲಿಲ್ಲ. ನರ್ಸರಿಯವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಗುಡ್ ಮಾರ್ನಿಂಗ್ ಮಾತು ಎತ್ತಲಿಲ್ಲ.

ಹಳೇ ನಿರ್ವಾಹಕರು ಹೇಳಿದ ಹಾಗೆ ಎರಡು ಸಾಲಿನ ಕಾರಣ ಬರೆಯಲು ಕೂತೆವು. ಮೇಷ್ಟ್ರು ಬರೆದದ್ದು ಎಂಟು ಸಾಲು ಆಯಿತು, ಅದರಲ್ಲಿ ಎರಡು ವಚನ. ಹೊಡೆದು ಹಾಕಿದೆವು. ಕೊನೆಗೆ ಉಳಿದದ್ದು: "ಪ್ರಶ್ನೆ ಕೇಳಿದವರ ಮನೆಯವರನ್ನು ಎತ್ತಿ ಬೈದದ್ದಕ್ಕೆ ದೊಡ್ಡಪ್ಪ 15 ದಿನ ಗುಂಪಿನಲ್ಲಿ ಇರುವುದಿಲ್ಲ. 16ನೇ ದಿನ ನಾವೇ ಸೇರಿಸುತ್ತೇವೆ. ಈ ನಿಯಮ ಆಡ್ಮಿನ್‌ಗಳಿಗೂ ಇದೆ." ಕೊನೆಯ ಸಾಲು ದೋಟಿಯವರದು. ಎರಡು ಸಾಲಿಗಿಂತ ಸ್ವಲ್ಪ ಜಾಸ್ತಿ ಆಯಿತು.

ಹಾಕುವ ಮುಂಚೆ ನಾನೂ ಮೇಷ್ಟ್ರೂ ದೊಡ್ಡಪ್ಪನ ಮನೆಗೆ ಹೋದೆವು. ಮಳೆ ಶುರುವಾಗಿತ್ತು. ಕಷಾಯ ಕೊಟ್ಟರು, ಕವಳದ ತಟ್ಟೆ ಮುಂದಿಟ್ಟರು. ನನ್ನ ತೋಟದ ಬಸಿಗಾಲುವೆ ಹೇಗಿದೆ ಅಂತ ಕೇಳಿದರು. ಅಲ್ಲಿಗೆ ನನ್ನ ಅರ್ಧ ಧೈರ್ಯ ಹೋಯಿತು. ಮೇಷ್ಟ್ರೇ ವಿಷಯ ತೆಗೆದರು. ದೊಡ್ಡಪ್ಪ ಸಿಟ್ಟಾಗಲಿಲ್ಲ. "ನಮ್ಮಪ್ಪ ಹೊಡೆದೇ ಕಲಿಸಿದ್ದು" ಅಂದರು. ಆಮೇಲೆ ಪಟ್ಟಿ ಕೊಡಿ ಅಂದರು. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರು ಓದಿದರು. ಒಂದು ಹೆಸರಿಗೆ ಬೆರಳು ನಿಂತಿತು. ಅವರದೇ ತೋಟದ ಕೊನೆಗೌಡ. ಹದಿನೆಂಟು ವರ್ಷದಿಂದ ಅವರ ಮರ ಹತ್ತುತ್ತಿರುವವನು. ಅವನಿಗೆ ಯಾರೂ ಏನೂ ಅಂದಿರಲಿಲ್ಲ. ಸುಮ್ಮನೆ ಹೋಗಿದ್ದ.

"ಇವನೂ ಇದ್ನಾ ಗುಂಪಲ್ಲಿ?" ಅಂದರು. ಮತ್ತೆ ಆ ವಿಷಯ ಮಾತಾಡಲಿಲ್ಲ. ಹೊರಡುವಾಗ "ತೆಗೀರಿ, ತೆಗೀರಿ" ಅಂದು ಛತ್ರಿ ಕೊಟ್ಟು ಕಳಿಸಿದರು.

ಹುಡುಗನಿಗೂ ಫೋನ್ ಮಾಡಿದೆ. ವಾಪಸ್ ಬರುವುದಿಲ್ಲ ಅಂದ. ಬೋರ್ಡೋ ಹೊಡೆದೆಯಾ ಅಂದೆ. ಹೊಡೆದಿದ್ದಾನೆ, ಪ್ಲಾಸ್ಟಿಕ್ ಡ್ರಮ್ಮಿನಲ್ಲೇ. ಗುಂಪು ಬಿಡುವ ಮುಂಚೆ ಆ ಎರಡನೇ ಮೆಸೇಜನ್ನು ಬರೆದಿಟ್ಟುಕೊಂಡಿದ್ದನಂತೆ.

ಗುಂಪಿನಲ್ಲಿ ಮಿಶ್ರ. ನಾಲ್ಕೈದು ಜನ ನಮಗೇ ಬೈದರು, ಹಿರಿಯರಿಗೆ ಮರ್ಯಾದೆ ಇಲ್ಲ ಅಂತ. ಒಬ್ಬರು ಗುಂಪು ಬಿಟ್ಟರು. ಆದರೆ ಇದುವರೆಗೆ ಒಂದು ಪ್ರಶ್ನೆಯನ್ನೂ ಕೇಳದಿದ್ದ ಹೆಂಗಸರಿಬ್ಬರು ಆ ವಾರ ಕೇಳಿದರು. ಒಬ್ಬರಂತೂ ಕಾಳುಮೆಣಸಿನ ಬಳ್ಳಿ ಕೊಳೆಯುವುದರ ಬಗ್ಗೆ ನಮ್ಮೆಲ್ಲರಿಗಿಂತ ಜಾಸ್ತಿ ತಿಳಿದವರು. ಎರಡು ವರ್ಷದಿಂದ ಸುಮ್ಮನೆ ಓದುತ್ತಿದ್ದರಂತೆ.

ಇನ್ನೊಂದು ನಾವು ಯೋಚಿಸದೇ ಇದ್ದದ್ದು ಆಯಿತು. ದೊಡ್ಡಪ್ಪನ ಹೊರತು ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಬಂದರೆ ನಾನು ಬೆಳಗ್ಗೆ ಅವರಿಗೆ ಫೋನ್ ಮಾಡುತ್ತೇನೆ. ಅವರು ಮೊದಲು ಬೈಯುತ್ತಾರೆ, ಆಮೇಲೆ ಉತ್ತರ ಹೇಳುತ್ತಾರೆ. ನಾನು ಎರಡನೆಯದನ್ನು ಮಾತ್ರ ಟೈಪ್ ಮಾಡಿ "ದೊಡ್ಡಪ್ಪ ಹೇಳಿದ್ದು" ಅಂತ ಹಾಕುತ್ತೇನೆ. ಮೊದಲನೆಯದು ನನ್ನ ಕಿವಿಯಲ್ಲೇ ಉಳಿಯುತ್ತದೆ.

ಭಾನುವಾರಕ್ಕೆ 15 ದಿನ ಮುಗಿಯುತ್ತದೆ. ಸೋಮವಾರ ಸೇರಿಸಬೇಕು, ಮಾತು ಕೊಟ್ಟಿದ್ದೇವೆ. ಆದರೆ ನಿನ್ನೆ ಅವರೇ ಕೇಳಿದರು, "ಸೇರಿಸ್ಲೇಬೇಕಾ? ಹಿಂಗೇ ನಡೀತದಲ್ಲ" ಅಂತ. ಬೇಜಾರಿಂದ ಅಂದರೋ, ಹೀಗೇ ಹಗುರ ಅನ್ನಿಸಿ ಅಂದರೋ ಗೊತ್ತಾಗಲಿಲ್ಲ. ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಅದನ್ನು ಕೊಡುವ ನೆಪದಲ್ಲಿ ನಾಳೆ ಸಂಜೆ ಹೋಗುತ್ತೇನೆ.